ಪಿಂಪ್ರಿಯ ಪೆನಿಸಿಲಿನ್, 21ನೇ ದಿನದ ಸೂಜಿ

ಗಂಟಲು ನೋವೆಂದರೆ ಉಪ್ಪುನೀರು ಮುಕ್ಕಳಿಸು, ಅರಿಶಿನದ ಹಾಲು ಕುಡಿ. ಬಹುಪಾಲು ಅದು ವೈರಸ್ಸಿನದಾದ್ದರಿಂದ ಅಷ್ಟರಲ್ಲೇ ವಾಸಿಯೂ ಆಗುತ್ತದೆ. ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಆಗಿದ್ದರೆ ಕತೆ ಬೇರೆ. ನೋವು ಮರೆತು ಎರಡು-ಮೂರು ವಾರ ಕಳೆದ ಮೇಲೆ ಮಗುವಿನ ಮಂಡಿ ಊದಬಹುದು. ಅದು ಇಳಿಯುವಷ್ಟರಲ್ಲಿ ಮೊಣಕೈ. ಆಡುವಾಗ ಬಿದ್ದಿರಬೇಕು ಎಂದು ಎಣ್ಣೆ ತಿಕ್ಕುತ್ತೇವೆ.

ಆಗ ಗಂಟಲಲ್ಲಿ ರೋಗಾಣು ಸಿಗದೆಯೂ ಇರಬಹುದು. ಅದರ ಹೊರಮೈಯ 'ಎಂ' ಪ್ರೋಟೀನಿಗೂ ಹೃದಯದ ಕೆಲವು ಪ್ರೋಟೀನುಗಳಿಗೂ ಹೋಲಿಕೆಯಿದೆ. ಕಳ್ಳನ ಚಹರೆ ಕಲಿತ ಕಾವಲುಗಾರನಂತೆ ದೇಹದ ರೋಗನಿರೋಧಕ ವ್ಯವಸ್ಥೆ ಮನೆಯವರನ್ನೇ ಹಿಡಿದು ಬಡಿಯುತ್ತದೆ. ಕೀಲು ಸರಿಹೋಗುತ್ತದೆ, ಹೃದಯದ ಕವಾಟ ಮಾತ್ರ ಗಾಯ ಉಳಿಸಿಕೊಳ್ಳಬಹುದು. ಕೆಲವು ಮಕ್ಕಳಿಗೆ ತಿಂಗಳುಗಳಾದ ಮೇಲೆ ಕೈಕಾಲು ತಾನೇ ಕುಣಿಯುತ್ತದೆ, ಅಕ್ಷರ ಸೊಟ್ಟಗಾಗುತ್ತದೆ. ಬೈಗುಳ ತಿನ್ನುವುದು ಮಗುವೇ. ಇದೇ ರೋಗಾಣುವಿನಿಂದ ಬರುವ ಮೂತ್ರಪಿಂಡದ ತೊಂದರೆಯ ದಾರಿ ಇನ್ನೊಂದು: ಕಣ್ಣ ರೆಪ್ಪೆ ಊದಿ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಚರ್ಮದ ಕಜ್ಜಿಯಿಂದಲೂ ಇದು ಬರಬಹುದು.

ಅಮೆರಿಕದ ವಾರೆನ್ ವಾಯುನೆಲೆಯ ಸೈನಿಕರ ಮೇಲೆ ನಡೆದ ಅಧ್ಯಯನ 1950ರಲ್ಲಿ ತೋರಿಸಿದ್ದು ಇದನ್ನು: ಗಂಟಲಿನ ಸೋಂಕಿಗೆ ಪೆನಿಸಿಲಿನ್ ಕೊಟ್ಟರೆ ಕೀಲು-ಹೃದಯ ಹಿಡಿಯುವ ಈ ಕಾಯಿಲೆ, ಅಂದರೆ ರುಮ್ಯಾಟಿಕ್ ಜ್ವರ, ತಪ್ಪುತ್ತದೆ. ನೋವು ಶುರುವಾಗಿ ಒಂಬತ್ತು ದಿನದೊಳಗೆ ಕೊಟ್ಟರೂ ಆದೀತು.

ಅಂಥ ಪೆನಿಸಿಲಿನ್ ಸ್ವತಂತ್ರ ಭಾರತದಲ್ಲಿ ಸರ್ಕಾರಿ ಕಾರ್ಖಾನೆಯಿಂದ ಬಂದದ್ದು ಪುಣೆಯ ಪಕ್ಕದ ಪಿಂಪ್ರಿಯಿಂದ. ಹಿಂದೂಸ್ತಾನ್ ಆಂಟಿಬಯೋಟಿಕ್ಸ್ 1954ರಲ್ಲಿ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಕೈಜೋಡಿಸಿ ಮರುವರ್ಷವೇ ಉತ್ಪಾದನೆ. ಅಲ್ಲಿ ಸಂಶೋಧನಾ ವಿಭಾಗ ನಡೆಸಿದವರು ಮೈಸೂರು ಸೀಮೆಯ ಶಿಲೀಂಧ್ರ ವಿಜ್ಞಾನಿ ಎಂ.ಜೆ. ತಿರುಮಲಾಚಾರ್. ಶಿಲೀಂಧ್ರ ಸೋಂಕಿನ ಮದ್ದು 'ಹಾಮೈಸಿನ್' ಅವರ ಕಾಲದ್ದು. ಕನ್ನಡಿಗರು ಅವರ ಹೆಸರನ್ನು ಇನ್ನೂ ಸ್ವಲ್ಪ ನೆನಪಿಡಬಹುದಿತ್ತು.

ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮತ್ತೆ ಬಾರದಂತೆ ಬೆಂಜಥೀನ್ ಪೆನಿಸಿಲಿನ್ ಸೂಜಿ. ತೂಕಕ್ಕೆ ತಕ್ಕಂತೆ 12 ಲಕ್ಷ ಯೂನಿಟ್‌ವರೆಗೆ, ಮೂರು-ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ. ಕವಾಟ ಕೆಟ್ಟಿದ್ದರೆ ನಲವತ್ತರವರೆಗೂ. ಮದ್ದು ಮಂದ, ನೋವು ಹೆಚ್ಚು. ಅಲರ್ಜಿಯ ಭಯಕ್ಕೆ ಚುಚ್ಚಲು ಹಿಂಜರಿಯುವ ವೈದ್ಯರೂ ಇದ್ದಾರೆ. ಜೊತೆಗೆ ಅಗ್ಗದ ಮದ್ದಿನಲ್ಲಿ ಲಾಭ ಕಡಿಮೆ. ಚೀನಾದ ಸರಕಿನ ಎದುರು ಈ ಮದ್ದಿನ ಮೂಲವಾದ ಪೆನಿಸಿಲಿನ್-ಜಿಯ ನಮ್ಮ ಉತ್ಪಾದನೆಯೇ ನಿಂತುಹೋಗಿ, ಕಾಕಿನಾಡದಲ್ಲಿ ಮತ್ತೆ ಶುರುವಾಗಲು 2024 ಬರಬೇಕಾಯಿತು.

ಪುಣೆಯ ಕಟ್ಟಡಗಳ ಕೂಲಿಗೆ ವಿಜಯಪುರ, ಕಲಬುರ್ಗಿ ಕಡೆಯಿಂದ ಬರುವ ಕುಟುಂಬಗಳಿಗೆ ಇನ್ನೊಂದು ತೊಡಕು. ಸೂಜಿಯ ಚೀಟಿ ಪುಣೆಯ ಆಸ್ಪತ್ರೆಯದು. 21ನೇ ದಿನ ಮಗು ಊರ ಜಾತ್ರೆಯಲ್ಲಿ.