ಕಿವಿಗೆ ರೂಢಿಯೆಂಬುದುಂಟೆ?

ಬೆಳಗಾವಿಯ ರವಿವಾರ ಪೇಟೆಯ ವ್ಯಾಪಾರಸ್ಥರೊಬ್ಬರು, ವಡಗಾವಿಯ ನಂಟರ ಮಗ್ಗದ ಮನೆಯಲ್ಲಿ ಗಳಿಗೆಹೊತ್ತು ನಿಂತು ಬಂದರೆ ತಮ್ಮ ಕಿವಿ ಸಂಜೆಯವರೆಗೂ ಗುಂಯ್‌ಗುಡುವುದೆಂದೂ, ದಿನವಿಡೀ ಅಲ್ಲಿಯೇ ದುಡಿಯುವ ನೇಕಾರರು ಮಾತ್ರ “ನಮಗ ರೂಢಿ ಆಗೇತ್ರಿ” ಎಂದು ನಿಶ್ಚಿಂತರಾಗಿರುವರೆಂದೂ ಬರೆದು, ಕಿವಿಯು ಸದ್ದಿಗೆ ನಿಜವಾಗಿಯೂ ಪಳಗುವುದೇ ಎಂದು ಕೇಳಿದ್ದಾರೆ. ಖಾಸಬಾಗ, ಶಹಾಪುರಗಳ ನೇಕಾರ ಓಣಿಗಳಲ್ಲಿ ನಡೆದಾಡಿದ ಯಾರಿಗಾದರೂ ಏಳಬೇಕಾದ ಪ್ರಶ್ನೆಯಿದು.

ವಿದ್ಯುತ್ ಮಗ್ಗದ ಲಾಳಿಯು ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಬಾರಿ ಹೊಡೆತ ತಿಂದು ಓಡುತ್ತದೆ, ಅಷ್ಟೇ ಬಾರಿ ಆಚೆಯ ಪೆಟ್ಟಿಗೆಗೆ ಬಡಿದು ನಿಲ್ಲುತ್ತದೆ. ಇಂಥ ಮಗ್ಗಗಳು ಸಾಲಾಗಿ ಓಡುವ ಶೆಡ್ಡಿನಲ್ಲಿ ಸದ್ದು 90 ಡೆಸಿಬಲ್ ಮೀರುವುದು ಸಾಮಾನ್ಯ. ಎಂಟು ಗಂಟೆಯ ದುಡಿಮೆಗೆ ಕಾರ್ಖಾನೆಯ ನಿಯಮಗಳು ಎಳೆದಿರುವ ಗೆರೆಯೂ ಅದೇ.

ಈಗ ಕಿವಿಯ ಸೋಜಿಗವನ್ನು ನೋಡಿರಿ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡ ಪುಟ್ಟ ನಾಳದೊಳಗೆ ಸುಮಾರು 15,000 ರೋಮಕೋಶಗಳಿವೆ. ಇವುಗಳಲ್ಲಿ ಹೊರಸಾಲಿನ ಸುಮಾರು 12,000 ಕೋಶಗಳು, ಬಂದ ನಾದದ ಲಯಕ್ಕೆ ತಾವೂ ಕುಗ್ಗಿ ಹಿಗ್ಗಿ, ಪಿಸುಮಾತಿನಂಥ ಕ್ಷೀಣಧ್ವನಿಯನ್ನು ವರ್ಧಿಸಿ ಒಳಸಾಲಿಗೆ ಒಪ್ಪಿಸುತ್ತವೆ. ಈ ನರ್ತನದಿಂದ ಹುಟ್ಟುವ ಅತಿಸೂಕ್ಷ್ಮವಾದ ಮರುದನಿಯು ಕಿವಿಯಿಂದ ಹೊರಕ್ಕೆ ಹೊಮ್ಮುವುದನ್ನು 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಎಂಬ ವಿಜ್ಞಾನಿ ಪ್ರಕಟಪಡಿಸಿದಾಗ, ಕೇಳಲೆಂದೇ ಇರುವ ಇಂದ್ರಿಯವು ತಾನೂ ನುಡಿಯುವುದೆಂಬುದನ್ನು ನಂಬುವುದು ಹಲವರಿಗೆ ಕಷ್ಟವಾಯಿತು. ಇಂದು ಮಾತು ಬಾರದ ಹಸುಗೂಸಿನ ಶ್ರವಣಶಕ್ತಿಯನ್ನು ವೈದ್ಯರು ಪರೀಕ್ಷಿಸುವುದು ಬಹುಮಟ್ಟಿಗೆ ಈ ಮರುದನಿಯನ್ನು ಆಲಿಸಿಯೇ.

ಅತಿಶಬ್ದಕ್ಕೆ ಮೊದಲು ಬಲಿಯಾಗುವವು ಈ ನರ್ತಕ ಕೋಶಗಳೇ. ಕೋಳಿಯೇ ಮೊದಲಾದ ಪಕ್ಷಿಗಳಲ್ಲಿ ಅಳಿದ ರೋಮಕೋಶಗಳು ಮತ್ತೆ ಬೆಳೆಯುತ್ತವೆ, ಮನುಷ್ಯನಲ್ಲಿ ಬೆಳೆಯವು. ನಷ್ಟವು ಸಾಮಾನ್ಯವಾಗಿ 4000 ಹರ್ಟ್ಸ್‌ನ ಆಸುಪಾಸಿನಲ್ಲಿ ಮೊದಲಾಗುವುದರಿಂದ, ಸ್ವರಗಳು ಕೇಳಿಸುತ್ತಿದ್ದರೂ ಸಕಾರ ತಕಾರಗಳು ಮಸುಕಾಗಿ, “ಕೇಳಸ್ತೈತಿ, ತಿಳಿಯೂದಿಲ್ಲ” ಎಂಬ ಸ್ಥಿತಿ ಒದಗುತ್ತದೆ. ಸದ್ದಿನ ಕಿರಿಕಿರಿಯನ್ನು ಮನಸ್ಸು ಮರೆಯಬಹುದು, ಕಿವಿ ಮರೆಯಲಾರದು. ಸಂಜೆ ಮಂದವಾದ ಕಿವಿ ಮುಂಜಾನೆ ತಿಳಿಯಾಯಿತೆಂದು ಸಮಾಧಾನಪಟ್ಟು ವರುಷಗಳನ್ನು ಕಳೆದವನಿಗೆ, ರೂಢಿಯೆಂದು ತೋರುವುದರಲ್ಲಿ ಬಹುಪಾಲು ಕಿವುಡಿನ ಆರಂಭವೇ ಆಗಿರುತ್ತದೆ.

ಇದಕ್ಕೆ ಕಾಯಿಸಿದ ಎಣ್ಣೆ ಹನಿಸುವವರನ್ನೂ, ದೃಷ್ಟಿಯಾಯಿತೆಂದು ತಾಯಿತ ಕಟ್ಟುವವರನ್ನೂ ಕಂಡು ನನಗೆ ವ್ಯಥೆಯಾಗುತ್ತದೆ. ಎಣ್ಣೆಯಾಗಲಿ ತಾಯಿತವಾಗಲಿ ಸತ್ತ ಕೋಶವನ್ನು ಬದುಕಿಸಲಾರದು; ಹತ್ತಿಯ ಉಂಡೆ ತುರುಕಿಕೊಳ್ಳುವುದರಿಂದಲೂ ರಕ್ಷಣೆ ಅತ್ಯಲ್ಪ. ಔಷಧದಂಗಡಿಯಲ್ಲಿ ದೊರೆಯುವ ಮೆತ್ತನೆಯ ಸ್ಪಂಜಿನ ಬಿರಡೆಯನ್ನು ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಅರಳುವ ತನಕ ಒತ್ತಿ ಹಿಡಿಯಬೇಕು. ಸಡಿಲವಾದ ತಿರುಪುಗಳನ್ನು ಬಿಗಿಗೊಳಿಸುವುದು, ಬಿಡುವಿನ ವೇಳೆಯನ್ನು ಮಗ್ಗದಿಂದ ದೂರದಲ್ಲಿ ಕಳೆಯುವುದು, ಮಗ್ಗಕ್ಕೂ ತೊಟ್ಟಿಲಿಗೂ ನಡುವೆ ಗೋಡೆಯೊಂದನ್ನು ಎಬ್ಬಿಸುವುದು ಇವೂ ಉಪಕಾರಕವೇ.

ಶಬ್ದಜನ್ಯ ಕಿವುಡು 1948ರ ಕಾರ್ಖಾನೆ ಕಾಯಿದೆಯ ರೋಗಪಟ್ಟಿಯಲ್ಲಿಯೇ ಸ್ಥಾನ ಪಡೆದಿತ್ತು. ಆದರೆ ಮನೆಯ ಪಡಸಾಲೆಯಲ್ಲಿ ಮಗ್ಗ ಹೂಡಿದವನ ಬಳಿಗೆ ತಪಾಸಣಾಧಿಕಾರಿಗಳು ಬರುವುದು ವಿರಳ. ಆದುದರಿಂದ ಮಾಲೀಕರು ನೂಲಿನೊಡನೆ ಬಿರಡೆಯನ್ನೂ ಒದಗಿಸಲಿ; ನೇಕಾರ ಬಂಧುಗಳು ಕೆಲಸದ ಮೊದಲ ದಿನದಿಂದಲೇ ಅದನ್ನು ಧರಿಸಲಿ, ವರುಷಕ್ಕೊಮ್ಮೆ ಶ್ರವಣಪರೀಕ್ಷೆ ಮಾಡಿಸಿಕೊಳ್ಳಲಿ.