ಬೆಳಕು ಹಾಕುವ ಗಂಟು

ಮರಗಟ್ಟಿಸಿದ ಕಣ್ಣಿನ ಮೇಲ್ಪದರವನ್ನು ವೈದ್ಯರು ಮೆಲ್ಲಗೆ ಕೆರೆದು ತೆಗೆದಿದ್ದಾರೆ. ಕೆಲವು ನಿಮಿಷಕ್ಕೊಮ್ಮೆ ಕಣ್ಣಿಗೆ ಹಳದಿ ಹನಿ ಬೀಳುತ್ತದೆ. ಅದು ರೈಬೋಫ್ಲೇವಿನ್, ಹಾಲು ಮೊಟ್ಟೆಗಳಲ್ಲಿ ಸಿಗುವ ಬಿ2 ಜೀವಸತ್ವ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಅದನ್ನು ಅರ್ಧ ಗಂಟೆ ಹೀರಿಕೊಂಡ ಮೇಲೆ, ಇನ್ನರ್ಧ ಗಂಟೆ ಅತಿನೇರಳೆ ಬೆಳಕು. ನಮ್ಮ ಕಣ್ಣಾಸ್ಪತ್ರೆಗಳಲ್ಲಿ ಇದಕ್ಕೆ ಸಿ3ಆರ್ ಎನ್ನುತ್ತಾರೆ. ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ಕಾಯಿಲೆ ಮುಂದುವರಿಯದಂತೆ ತಡೆಯುವುದು ಇದರ ಉದ್ದೇಶ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರೂಪುಗೊಂಡ ಈ ಚಿಕಿತ್ಸೆ ರೋಗಿಗಳಿಗೆ ಕೊಟ್ಟ ಫಲವನ್ನು ವೊಲೆನ್ಸಾಕ್, ಸ್ಪೋರ್ಲ್, ಸೈಲರ್ 2003ರಲ್ಲಿ ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಮನುಷ್ಯರ ಕಾರ್ನಿಯಾದ ಪಟ್ಟಿಗಳನ್ನು ಹೀಗೆ ಬೆಳಕಿಗೊಡ್ಡಿ ಎಳೆದು ನೋಡಿದಾಗ ಅವುಗಳ ಬಿಗಿ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು.

ಕಾರ್ನಿಯಾದಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ನೀರೇ ಇದೆ. ಆ ನೀರನ್ನು ಹಿಡಿದು ನಿಲ್ಲಿಸಿರುವುದು ಕೊಲಾಜೆನ್ ಎಳೆಗಳು. ಅಂದರೆ ಅದು ಪ್ರಕೃತಿಯೇ ಮಾಡಿದ ಹೈಡ್ರೋಜೆಲ್. ಹಗ್ಗದ ಮಂಚದ ಹೆಣಿಗೆ ಸಡಿಲವಿದ್ದರೆ ಮಲಗಿದವರ ಬೆನ್ನು ನೆಲ ಮುಟ್ಟುತ್ತದೆ. ಅದೇ ಹಗ್ಗವನ್ನು ಒತ್ತಾಗಿ ಹೆಣೆದರೆ ಮಂಚ ಬಿಗಿಯಾಗುತ್ತದೆ. ಹೈಡ್ರೋಜೆಲ್‌ನ ಬಿಗಿಯೂ ಬಹುಮಟ್ಟಿಗೆ ಎಳೆ ಎಳೆಯ ನಡುವೆ ಎಷ್ಟು ಗಂಟುಗಳಿವೆ ಎಂಬುದರ ಲೆಕ್ಕ. ಆ ಗಂಟುಗಳಿಗೇ ಕ್ರಾಸ್‌ಲಿಂಕ್ ಎಂದು ಹೆಸರು.

ಪ್ರಯೋಗಾಲಯದಲ್ಲಿ ಬೆಳಕಿನಿಂದ ಇಂಥ ಗಂಟು ಹಾಕಲು ಬಹಳ ಬಳಕೆಯಲ್ಲಿರುವುದು ಜೆಲ್ಮಾ. ಬೆಲ್ಜಿಯಂನ ಗೆಂಟ್‌ನ ಸಂಶೋಧಕರು 2000ದಲ್ಲಿ ವಿವರಿಸಿದ, ಜಿಲೆಟಿನ್‌ನಿಂದ ಮಾಡಿದ ವಸ್ತು ಇದು. ಸಾಮಾನ್ಯ ಜಿಲೆಟಿನ್ ಮೈಬಿಸಿಗೇ ಕರಗಿ ನೀರಾಗುತ್ತದೆ. ಅದರ ಎಳೆಗಳಿಗೆ ಮೆಥಾಕ್ರಿಲೇಟ್ ಎಂಬ ಕೊಂಡಿಗಳನ್ನು ಕೂಡಿಸಿ, ಬೆಳಕು ತಾಗಿದರೆ ಒಡೆಯುವ ಎಲ್‌ಎಪಿ ಎಂಬ ರಾಸಾಯನಿಕವನ್ನು ಚೂರು ಬೆರೆಸಿ, 405 ನ್ಯಾನೋಮೀಟರ್‌ನ ನೇರಳೆ ಬೆಳಕು ಬಿಟ್ಟರೆ, ಆ ರಾಸಾಯನಿಕ ಒಡೆದು ಹುಟ್ಟಿದ ರ‍್ಯಾಡಿಕಲ್‌ಗಳು ಕೊಂಡಿಯಿಂದ ಕೊಂಡಿಗೆ ಬೆಸೆಯುತ್ತ ಹೋಗುತ್ತವೆ. ನೋಡನೋಡುತ್ತಲೇ ದ್ರಾವಣ ಗಟ್ಟಿಯಾಗುತ್ತದೆ, ಆಮೇಲೆ 37 ಡಿಗ್ರಿಯಲ್ಲೂ ಕರಗುವುದಿಲ್ಲ.

ಬೆಳಕು ಹೆಚ್ಚಿದಷ್ಟೂ ಗಂಟು ಹೆಚ್ಚು. ಜಾಲದ ಕಣ್ಣುಗಳು ಕಿರಿದಾಗುತ್ತವೆ, ಜೆಲ್ ಹಿಡಿಯುವ ನೀರು ಕಡಿಮೆಯಾಗುತ್ತದೆ, ಪ್ರೋಟೀನಿನಂಥ ದೊಡ್ಡ ಅಣುಗಳು ಒಳಗೆ ತೆವಳುತ್ತ ಸಾಗಬೇಕಾಗುತ್ತದೆ. ಕೊಂಡಿಗಳೆಲ್ಲ ಬಳಕೆಯಾದ ಮೇಲೆ ಇನ್ನೆಷ್ಟು ಹೊತ್ತು ಬೆಳಕು ಹಿಡಿದರೂ ಬಿಗಿ ಏರದು. ಒಳಗೆ ಜೀವಕೋಶಗಳಿದ್ದರೆ ಅತಿಯಾದ ಬೆಳಕು, ರ‍್ಯಾಡಿಕಲ್ ಎರಡೂ ಅವಕ್ಕೆ ಅಪಾಯ. ಬಿಗಿ ಹೆಚ್ಚಿದಷ್ಟೂ ಜೆಲ್ ಒಳ್ಳೆಯದು ಎಂಬ ಎಣಿಕೆ ಅದಕ್ಕೇ ನನಗೆ ಒಪ್ಪಿಗೆಯಿಲ್ಲ.

ಬೆಳಕು ಆಳಕ್ಕೆ ಇಳಿದಂತೆ ಕ್ಷೀಣಿಸುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ದಪ್ಪ ಜೆಲ್‌ನ ಮೇಲ್ಭಾಗ ಬಿಗಿ, ತಳ ಮೆತ್ತಗೆ ಆಗಿಬಿಡಬಹುದು. ಆಮ್ಲಜನಕದ ಪಾತ್ರವಂತೂ ಇನ್ನೂ ಸ್ವಾರಸ್ಯಕರ. ಜೆಲ್ಮಾದಲ್ಲಿ ಅದು ರ‍್ಯಾಡಿಕಲ್‌ಗಳನ್ನು ನುಂಗಿ ಬೆಸುಗೆಗೆ ಅಡ್ಡಿಯಾಗುತ್ತದೆ, ಗಾಳಿಗೆ ತೆರೆದ ಮೇಲ್ಮೈ ಅಂಟಂಟಾಗಿ ಉಳಿಯುವುದು ಇದರಿಂದ. ಕಾರ್ನಿಯಾದಲ್ಲಿ ಅದೇ ಆಮ್ಲಜನಕ ಬೇಕೇ ಬೇಕು, ರೈಬೋಫ್ಲೇವಿನ್ ಕೊಲಾಜೆನ್ ಎಳೆಗಳನ್ನು ಬೆಸೆಯುವುದು ಬಹುಪಾಲು ಅದರ ನೆರವಿನಿಂದಲೇ. ಇನ್ನು ಕಣ್ಣಿನ ಮಟ್ಟಿಗೆ ಬೆಳಕು ಆಳಕ್ಕೆ ಇಳಿಯದಿರುವುದೇ ರಕ್ಷಣೆ. ಡ್ರೆಸ್ಡೆನ್ ಕ್ರಮದಲ್ಲಿ ಕಾರ್ನಿಯಾ ಕನಿಷ್ಠ 400 ಮೈಕ್ರಾನ್ ದಪ್ಪವಿರಬೇಕೆಂದು ನಿಯಮ ಮಾಡಿದ್ದು, ತಳದಲ್ಲಿರುವ ಎಂಡೋಥೀಲಿಯಂ ಕೋಶಗಳಿಗೆ ಕಿರಣ ತಾಗದಿರಲೆಂದು.

ಇಷ್ಟೆಲ್ಲ ಲೆಕ್ಕಾಚಾರ ಏಕೆಂದರೆ, ಜೀವಕೋಶಗಳು ತಮ್ಮ ಕೆಳಗಿನ ನೆಲದ ಬಿಗಿಯನ್ನು ಮುಟ್ಟಿ ಅರಿಯುತ್ತವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎಂಗ್ಲರ್, ಡಿಷರ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ತೋರಿಸಿದರು. ಮಿದುಳಿನಷ್ಟು ಮೆತ್ತನೆಯ, ಅಂದರೆ 1 ಕಿಲೋಪ್ಯಾಸ್ಕಲ್ ಮೀರದ ಜೆಲ್ ಮೇಲೆ ಸ್ಟೆಮ್ ಸೆಲ್‌ಗಳು ನರಕೋಶದ ಲಕ್ಷಣ ತಳೆದವು. ಹತ್ತರ ಸುಮಾರಿನಲ್ಲಿ ಸ್ನಾಯುವಿನತ್ತ, ಮೂವತ್ತರ ಸುಮಾರಿನಲ್ಲಿ ಮೂಳೆಯತ್ತ ಹೊರಳಿದವು. ಆ ಜೆಲ್‌ಗಳ ಬಿಗಿ ಮೊದಲೇ ನಿಗದಿಯಾಗಿತ್ತು. ದೇಹದ ಅಂಗಾಂಶವೋ ಗಾಯ ಮಾಯುವಾಗ, ಕಾಯಿಲೆ ಬಿದ್ದಾಗ ದಿನೇ ದಿನೇ ಬದಲಾಗುತ್ತದೆ. ಹಾಗೆ ನಡುವೆಯೇ ಬಿಗಿ ಬದಲಾಯಿಸಲು ಬೆಳಕಿನಷ್ಟು ಸಲೀಸಾದ ಉಪಾಯ ಮತ್ತೊಂದು ಸಿಗುವುದು ಕಷ್ಟ.

ಅದೇ ವಿಶ್ವವಿದ್ಯಾಲಯದ ಗುವೆಂಡಿರೆನ್, ಬರ್ಡಿಕ್ 2012ರಲ್ಲಿ ಮಾಡಿದ್ದು ಇದನ್ನೇ. ಕೋಶಗಳು ಮೇಲೆ ಬೆಳೆಯುತ್ತಿರುವಾಗಲೇ ಬೆಳಕು ಬಿಟ್ಟು ಜೆಲ್ಲನ್ನು 3ರಿಂದ 30 ಕಿಲೋಪ್ಯಾಸ್ಕಲ್‌ಗೆ ಬಿಗಿಗೊಳಿಸಿದರು. ಕೆಲವೇ ಗಂಟೆಗಳಲ್ಲಿ ಕೋಶಗಳು ಹರಡಿಕೊಂಡು ನೆಲವನ್ನು ಜೋರಾಗಿ ಎಳೆಯತೊಡಗಿದವು. ಬೇಗ ಬಿಗಿಗೊಳಿಸಿದಲ್ಲಿ ಮೂಳೆಯ ಒಲವು, ತಡವಾಗಿ ಬಿಗಿಗೊಳಿಸಿದಲ್ಲಿ ಕೊಬ್ಬಿನ ಒಲವು. ಕಾಲವೂ ಬಿಗಿಯಷ್ಟೇ ಮುಖ್ಯವೆಂಬುದು ನನಗೆ ಇದರಲ್ಲಿ ಬಹಳ ಹಿಡಿಸಿದ ಸಂಗತಿ.

ಕೊಲರಾಡೋದ ಕ್ರಿಸ್ಟಿ ಆನ್ಸೆತ್ ತಂಡ 2009ರಲ್ಲಿ ಇದರ ಉಲ್ಟಾ ದಾರಿ ತೋರಿಸಿತು: ಬೆಳಕು ಬಿದ್ದರೆ ಗಂಟು ಬಿಚ್ಚಿಕೊಳ್ಳುವ ಜೆಲ್. ಅದೇ ತಂಡ 2014ರಲ್ಲಿ, ಗಡಸು ನೆಲದಲ್ಲಿ ಹತ್ತು ದಿನದಷ್ಟು ಕಾಲ ಬೆಳೆದ ಸ್ಟೆಮ್ ಸೆಲ್‌ಗಳು ನೆಲ ಮೆತ್ತಗಾದ ಮೇಲೂ ಹಳೆಯ ಗಡಸನ್ನು ಮರೆಯುವುದಿಲ್ಲವೆಂದು ಕಂಡುಕೊಂಡಿತು. ಕಡಿಮೆ ದಿನ ಇದ್ದವು ಮರೆತಿದ್ದವು. ಕೋಶ ಬೆಳೆಸುವ ಪ್ಲಾಸ್ಟಿಕ್ ತಟ್ಟೆ ಯಾವ ಜೆಲ್‌ಗಿಂತಲೂ ಎಷ್ಟೋ ಪಾಲು ಗಡಸು. ಹಾಗಾಗಿ ಜೆಲ್‌ಗೆ ಎಷ್ಟು ಬೆಳಕು ಕೊಟ್ಟೆವು ಎಂಬುದರ ಜೊತೆಗೆ, ಅದಕ್ಕೆ ಮೊದಲು ಕೋಶಗಳು ಆ ತಟ್ಟೆಯಲ್ಲಿ ಎಷ್ಟು ದಿನ ಕಳೆದಿದ್ದವು ಎಂಬುದನ್ನೂ ಪ್ರಯೋಗದ ಪುಸ್ತಕದಲ್ಲಿ ಬರೆದಿಡಬೇಕಾಗುತ್ತದೆ.