ಹೊಸ ಜಾಗದಲ್ಲಿ ಕಚೇರಿಯೇ? ಹೊರಡುವ ಮುನ್ನ ಇಷ್ಟು ಗಮನಿಸಿ



ಹೊಸೂರು, ಕೃಷ್ಣಗಿರಿ ಕಡೆಯ ಸಣ್ಣ ಸಂಗೀತ ಕಚೇರಿಗಳು ದೇವಸ್ಥಾನದ ಮಂಟಪದಲ್ಲೋ ಕಲ್ಯಾಣ ಮಂಟಪದಲ್ಲೋ ನಡೆಯುತ್ತವೆ. ಮೊದಲ ಸಲ ಬರುವವರಿಗೆ ನಮ್ಮ ಕೆಲವು ಸಲಹೆಗಳು.

ವಿಳಾಸ: ಬೋರ್ಡುಗಳು ಹೆಚ್ಚಾಗಿ ತಮಿಳಿನಲ್ಲಿರುತ್ತವೆ. ಹೊಸೂರನ್ನೇ ತಮಿಳಿನಲ್ಲಿ 'ಒಸೂರ್' ಎಂದು ಬರೆಯುತ್ತಾರೆ. ತಮಿಳು ಓದಲು ಬಾರದವರು ಸ್ಥಳದ ಹೆಸರನ್ನು ತಮಿಳಿನಲ್ಲೂ ತರಿಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ, ಆಟೋದವರಿಗೆ ತೋರಿಸಬಹುದು.

ಕೂರುವುದು: ಜಮಖಾನವೇ ಗತಿ ಆಗಬಹುದು. ಮಂಡಿನೋವಿನ ಹಿರಿಯರಿದ್ದರೆ ಕುರ್ಚಿ, ಮೆಟ್ಟಿಲು, ಶೌಚಾಲಯದ ಬಗ್ಗೆ ಮೊದಲೇ ವಿಚಾರಿಸಿ. ಪುಟ್ಟ ಮಕ್ಕಳಿದ್ದರೆ ಬಾಗಿಲ ಹತ್ತಿರ ಕೂರಿ. ಏಳುವುದಿದ್ದರೆ ಒಂದು ಹಾಡು ಮುಗಿದ ಮೇಲೆ ಏಳಿ.

ಮರಳುವುದು: ಮುಖ್ಯವಾದದ್ದು ಇದೇ. ಅರಿಯಕುಡಿ ರಾಮಾನುಜ ಅಯ್ಯಂಗಾರ್ (1890–1967) ರೂಢಿಗೆ ತಂದ ಕ್ರಮದಲ್ಲಿ ಮೊದಲು ವರ್ಣ, ಆಮೇಲೆ ಕೃತಿಗಳು, ಮೃದಂಗದ ತನಿ ಆವರ್ತನ. ಪುರಂದರದಾಸರ, ಕನಕದಾಸರ ದೇವರನಾಮಗಳು ಬರುವುದು ಸಾಮಾನ್ಯವಾಗಿ ಅದಾದ ಮೇಲೆಯೇ. ಕೊನೆಯ ಬಸ್ಸಿಗೆಂದು ತನಿಯ ಹೊತ್ತಿಗೆ ಎದ್ದರೆ ನಮ್ಮ ಕನ್ನಡದ ಹಾಡುಗಳೇ ತಪ್ಪಿಹೋಗುತ್ತವೆ. ಇಲ್ಲಿ ತಮಿಳು, ಇಂಗ್ಲಿಷ್ ಶಾಲೆಗಳಲ್ಲಿ ಓದುವ ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡ ಓದಲು ಬಾರದು. ಕಿವಿಗೆ ಬಿದ್ದದ್ದೇ ಅವರಿಗೆ ಪಾಠ.

ಆದ್ದರಿಂದ ಬಸ್ಸು, ರೈಲಿನ ಸಮಯ ಮೊದಲೇ ಕೇಳಿಕೊಳ್ಳಿ. ಹೊಂದದಿದ್ದರೆ ಅಕ್ಕಪಕ್ಕದ ಎರಡು ಮನೆಯವರು ಸೇರಿ ಒಂದೇ ಕಾರಿನಲ್ಲಿ ಬನ್ನಿ. ನಲವತ್ತು ಜನರ ಸಭೆಯಲ್ಲಿ ಹತ್ತು ಜನ ಎದ್ದರೆ ಹಾಡುವವರಿಗೂ ಕಾಣುತ್ತದೆ. ಮಂಗಳ ಹಾಡುವವರೆಗೂ ಇದ್ದು ಹೋಗಿ.